ಅಪರಿಸ್ರಾವಿ: ಮನದ ಮಾತನ್ನು ಕಾಯುವ ಧರ್ಮ

ಶರೀರಕ್ಕೆ ಜ್ವರ ಬಂದರೆ ನೆರೆಹೊರೆಯವರಿಗೆ ಹೇಳಲು ಯಾರೂ ಸಂಕೋಚಪಡುವುದಿಲ್ಲ. ಮನಸ್ಸಿಗೆ ಬೇನೆ ಬಂದಾಗ ಮಾತ್ರ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೀಗೆ ಮುಚ್ಚುವುದು ವಿವೇಕವೋ, ಭಯವೋ, ಅಥವಾ ಹಿಂಸೆಯ ಒಂದು ರೂಪವೋ ಎಂಬುದು ಶ್ರಾವಕರು ವಿಚಾರಿಸಲೇಬೇಕಾದ ಪ್ರಶ್ನೆಯಾಗಿದೆ.

ಗೋಕಾಕದ ಪೇಟೆಯಲ್ಲಿ ಬೆಲ್ಲದ ಅಡತಿ ಅಂಗಡಿ ನಡೆಸುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಹಿರಿಯ ಮಗನಿಗೆ ಮೂರು ತಿಂಗಳಿಂದ ನಿದ್ರೆಯಿಲ್ಲ. ಕೀರ್ದಿ ಬರೆಯುವಾಗ ಅಂಕಿ ತಪ್ಪುತ್ತಾನೆ. ಬಸದಿಗೆ ಬಂದರೂ ಯಾರೊಡನೆಯೂ ಮಾತಿಲ್ಲ. ಅವನ ತಂಗಿಗೆ ಹುಕ್ಕೇರಿಯಿಂದ ಸಂಬಂಧ ಬಂದಿದೆ. "ವೈದ್ಯರಿಗೆ ತೋರಿಸಿರಿ" ಎಂದು ಮೂಡಲಗಿಯ ಸೋದರಮಾವ ಹೇಳುತ್ತಾರೆ. "ಮೊದಲು ಲಗ್ನ ಆಗಲಿ, ಆಮೇಲೆ ನೋಡೋಣ" ಎನ್ನುತ್ತಾರೆ ತಂದೆ. ಆ ತಂದೆ ಕ್ರೂರಿಯಲ್ಲ. ಅವರು ಅಂಜುವುದು ರೋಗಕ್ಕಿಂತ ಹೆಚ್ಚಾಗಿ ಜಗುಲಿಯ ಮಾತಿಗೆ. ಮೂರೂ ಊರುಗಳ ಬೀಗರು, ವ್ಯಾಪಾರಿಗಳು, ಬಸದಿಯ ಪಂಚರು ಪರಸ್ಪರ ಬಲ್ಲವರು. ಮುಂಜಾನೆ ಒಂದೂರಿನಲ್ಲಿ ಆಡಿದ ಮಾತು ಸಂಜೆಗೆ ಇನ್ನೊಂದೂರನ್ನು ತಲುಪಿರುತ್ತದೆ.

ಮನೋವೈದ್ಯ ಶಾಸ್ತ್ರದ ವಿಚಾರ ಕನ್ನಡಿಗರಿಗೆ ಹೊಸತಲ್ಲ. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿದ ವೈದ್ಯ ಡಾ. ಎಂ. ಶಿವರಾಂ ಅವರ 'ಮನಮಂಥನ' ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸರಳ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದು, ಮನೋರೋಗವು ದೆವ್ವದ ಕಾಟವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ ಎಂಬುದನ್ನು ಮನೆಮನೆಗೆ ತಿಳಿಸಿದರು. ಔಷಧದ ಜೊತೆಗೆ ಮಾತಿನಿಂದಲೂ ಚಿಕಿತ್ಸೆ ನಡೆಯುತ್ತದೆ. ರೋಗಿಯ ಮಾತನ್ನು ವೈದ್ಯರು ತೀರ್ಪು ನೀಡದೆ ಆಲಿಸುತ್ತಾರೆ, ಅವನ ವಿಚಾರದ ಗಂಟುಗಳನ್ನು ಅವನಿಂದಲೇ ಬಿಡಿಸುತ್ತಾರೆ, ಕೇಳಿದ್ದನ್ನು ಹೊರಗೆ ಬಿಡುವುದಿಲ್ಲ. ಈ ಮೂರನೆಯದಿಲ್ಲದೆ ಮೊದಲೆರಡು ಸಾಧ್ಯವಾಗುವುದಿಲ್ಲ.

ಈ ತತ್ತ್ವವನ್ನು ಜೈನ ಪರಂಪರೆ ಬಹು ಹಿಂದೆಯೇ ಬಲ್ಲದು. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ಮನಸ್ಸನ್ನು ಬಿಚ್ಚಿಡುವುದು. ಶಿವಾರ್ಯರ ಭಗವತೀ ಆರಾಧನೆಯು ಹೇಳುವವನ ದೋಷಗಳನ್ನು ಎಣಿಸುವಂತೆಯೇ ಕೇಳುವ ಆಚಾರ್ಯನಿಗೂ ಗುಣಗಳನ್ನು ವಿಧಿಸುತ್ತದೆ. ಅವುಗಳಲ್ಲೊಂದು ಅಪರಿಸ್ರಾವಿತ್ವ, ಕೇಳಿದ ದೋಷವನ್ನು ಹೊರಗೆ ಸೋರಗೊಡದಿರುವುದು. ಸೋರುವ ಪಾತ್ರೆಯಲ್ಲಿ ಯಾರೂ ತುಪ್ಪ ತುಂಬಿಡುವುದಿಲ್ಲ. ಅಂತೆಯೇ ಸೋರುವ ಸಮಾಜದಲ್ಲಿ ಯಾರೂ ಮನಸ್ಸನ್ನು ತೆರೆಯುವುದಿಲ್ಲ.

ಆದರೆ ಆಲೋಚನೆಗೂ ಚಿಕಿತ್ಸೆಗೂ ಇರುವ ಅಂತರವನ್ನು ಮರೆಯಬಾರದು. ಪ್ರಾಯಶ್ಚಿತ್ತವಿರುವುದು ದೋಷಕ್ಕೆ, ರೋಗವು ದೋಷವಲ್ಲ. "ಇದು ಕರ್ಮೋದಯ, ವೈದ್ಯರೇನು ಮಾಡಿಯಾರು?" ಎಂದು ಕೆಲವರು ಕೇಳುವುದುಂಟು. ಜ್ವರವೂ ಅಸಾತಾ ವೇದನೀಯದ ಉದಯವೇ. ಆದರೂ ಜ್ವರಕ್ಕೆ ಮಾತ್ರೆ ನುಂಗುವವನನ್ನು ಯಾರೂ ಧರ್ಮಭ್ರಷ್ಟನೆನ್ನುವುದಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಮನಸ್ಸಿನ ಬೇನೆಗೆ ಅದನ್ನು ನಿರಾಕರಿಸುವ ನ್ಯಾಯ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ವ್ರತಾಚರಣೆಯಲ್ಲಿಯೂ ವಿವೇಕ ಬೇಕು. ಲಿಥಿಯಂ ಎಂಬ ಔಷಧ ಸೇವಿಸುವವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಆದ್ದರಿಂದ ದಶಲಕ್ಷಣ ಪರ್ವದಲ್ಲಿ ವೈದ್ಯರನ್ನು ಕೇಳಿಯೇ ವ್ರತ ಹಿಡಿಯಬೇಕು. ಖಿನ್ನತೆಯಿಂದ ಸಾವನ್ನು ಬಯಸುವವನ ಮಾತನ್ನು ವೈರಾಗ್ಯವೆಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ಮರಣಾಶಂಸೆ, ಅಂದರೆ ಸಾವಿನ ಬಯಕೆ, ಸಲ್ಲೇಖನೆಗೇ ಅತಿಚಾರವೆಂದು ತತ್ತ್ವಾರ್ಥಸೂತ್ರ ಹೇಳಿದೆ.

ಹಾಗಾದರೆ ಗುಟ್ಟಿನ ಎಲ್ಲೆ ಯಾವುದು? ಅನ್ಯರ ಬೇನೆಯನ್ನು ಕಾಯುವುದು ಧರ್ಮ. ಚಿಕಿತ್ಸೆಯಿಂದಲೇ ಬೇನೆಯನ್ನು ಮರೆಮಾಡುವುದು ಅಧರ್ಮ. ತಂಗಿಯ ಲಗ್ನಕ್ಕಾಗಿ ಅಣ್ಣನ ರೋಗವನ್ನು ಊರಿಗೆ ಸಾರಬೇಕಾಗಿಲ್ಲ. ಅದರ ಸಲುವಾಗಿ ಅವನ ಔಷಧವನ್ನು ತಡೆಯಲೂಬಾರದು. ಆದರೆ ಲಗ್ನವಾಗುವವರದೇ ಬೇನೆಯಾದರೆ, ಬಾಳನ್ನು ಹಂಚಿಕೊಳ್ಳುವವರಿಗೆ ತಿಳಿಸದಿರುವುದು ಸತ್ಯಾಣುವ್ರತಕ್ಕೆ ಭಂಗ. ಜೀವಕ್ಕೆ ಅಪಾಯವಿದ್ದಾಗಲಂತೂ ಮೌನಕ್ಕೆ ಎಡೆಯಿಲ್ಲ. ಕೂಡಲೇ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟು, ಅಪಾಯದ ಸಂದರ್ಭಕ್ಕೆ ವಿನಾಯಿತಿ ಇಟ್ಟಿದೆ.

ಚಿಕಿತ್ಸೆ ಇಂದು ದೂರದ ವಸ್ತುವಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೇ ತರಬೇತಿ ನೀಡಿ ಆರಂಭಿಸಿದ ಪ್ರಯೋಗವು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬಸದಿಗಳ ಟ್ರಸ್ಟುಗಳು ಈ ಸಂಖ್ಯೆಯನ್ನು ಪಂಚಾಂಗದ ಪಕ್ಕದಲ್ಲಿ ಬರೆದು ಹಾಕಲು ಖರ್ಚು ಬಹಳವಿಲ್ಲ.

ಹೆಚ್ಚು ಕಠಿಣವಾದುದು ಜಗುಲಿಯ ವ್ರತ. ಆ ಅಡತಿ ಅಂಗಡಿಯ ತಂದೆ ನಾಳೆ ಮಗನನ್ನು ಕರೆದುಕೊಂಡು ಬಸ್ಸು ಹತ್ತಿದಾಗ ಕಂಡವರು "ಎಲ್ಲಿಗೆ ಹೊರಟಿರಿ?" ಎಂದು ಕೆದಕದೆ, "ಸುಖವಾಗಿ ಹೋಗಿ ಬನ್ನಿರಿ" ಎಂದಷ್ಟೇ ಹೇಳಿದರೆ ಅದುವೇ ಅಭಯದಾನ.