ಹೊಲಕ್ಕೆ ಬಿದ್ದ ಬೀಜ: ಒಬ್ಬ ಕೃಷಿಕನ ಸ್ಮರಣೆ

ಗತಿಸಿದವರನ್ನು ಸ್ಮರಿಸುವಾಗ ಅವರ ಗುಣಗಳನ್ನು ಎತ್ತಿ ಹೇಳಿ, ದೋಷಗಳನ್ನು ಮರೆತುಬಿಡುವುದು ಲೋಕರೂಢಿ. ಈ ರೂಢಿಯ ಹಿಂದೆ ಸೌಜನ್ಯವಿದೆ, ಕರುಣೆಯೂ ಇದೆ. ಆದರೆ ಒಬ್ಬನ ಬಾಳು ಒಂದು ಧರ್ಮಸೂಕ್ಷ್ಮದೊಡನೆ ಹೆಣೆದುಕೊಂಡಿದ್ದಾಗ ಗುಣಗಾನವೊಂದರಿಂದಲೇ ಅವನಿಗೂ ನ್ಯಾಯ ಸಲ್ಲುವುದಿಲ್ಲ, ಆ ಸೂಕ್ಷ್ಮಕ್ಕೂ ನ್ಯಾಯ ಸಲ್ಲುವುದಿಲ್ಲ. ಕೆನಡಾ ದೇಶದ ಪ್ರೇರಿ ಎಂಬ ವಿಶಾಲ ಬಯಲು ಸೀಮೆಯ ರೈತ ಪರ್ಸಿ ಶ್ಮೈಸರ್ ಅವರ ಬಾಳು ಅಂತಹುದು. 2020ರ ಅಕ್ಟೋಬರ್ ತಿಂಗಳಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರನ್ನು ಹಲವರು ವೀರನೆಂದು ಕೊಂಡಾಡಿದರು. ಪರರ ಸ್ವತ್ತನ್ನು ಅರಿತೇ ಬಳಸಿದವನೆಂದು ಬೇರೆ ಕೆಲವರು ನುಡಿದರು. ಈ ಎರಡು ಮಾತುಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸತ್ಯಪ್ರಿಯರಿಗೆ ಉಚಿತವಾದ ಕಾರ್ಯ.

ಪ್ರೇರಿ ಎಂದರೆ ಕಣ್ಣು ಹಾಯುವವರೆಗೂ ಸಮತಟ್ಟಾಗಿ ಹರಡಿದ ನೆಲ. ಅಲ್ಬರ್ಟಾ, ಸಸ್ಕಾಚೆವಾನ್, ಮನಿಟೋಬಾ ಎಂಬ ಮೂರು ಪ್ರಾಂತಗಳಲ್ಲಿ ಅದು ಚಾಚಿಕೊಂಡಿದೆ. ಚಳಿಗಾಲದಲ್ಲಿ ಅಲ್ಲಿನ ಶೀತವು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುವುದುಂಟು. ಬಿತ್ತಿ ಬೆಳೆದು ಒಕ್ಕಲು ಸಿಕ್ಕುವ ಅವಧಿ ಕೆಲವೇ ತಿಂಗಳು. ಇಂತಹ ಸೀಮೆಯ ಬ್ರೂನೊ ಎಂಬ ಚಿಕ್ಕ ಊರಿನಲ್ಲಿ ಶ್ಮೈಸರ್ 1931ರಲ್ಲಿ ಜನಿಸಿದರು. 1952ರಲ್ಲಿ ಲೂಯಿಸ್ ಎಂಬುವರ ಕೈ ಹಿಡಿದರು. ದಂಪತಿಗಳಿಗೆ ಐವರು ಮಕ್ಕಳಾದರು. ಬೇಸಾಯದ ಜೊತೆಗೆ ಕೃಷಿ ಉಪಕರಣಗಳ ವ್ಯಾಪಾರವನ್ನೂ ನಡೆಸಿದ ಅವರು ಅನೇಕ ವರ್ಷ ತಮ್ಮ ಊರಿನ ಮೇಯರ್ ಆಗಿದ್ದರು. 1967ರಿಂದ 1971ರವರೆಗೆ ಪ್ರಾಂತದ ಶಾಸನಸಭೆಯ ಸದಸ್ಯರೂ ಆಗಿದ್ದರು. ಹೊಲ, ಮನೆ, ಊರು ಎಂಬ ಮೂರು ವೃತ್ತಗಳೊಳಗೆ ಸಾಗಿದ ಗೃಹಸ್ಥ ಜೀವನವದು. ಎಪ್ಪತ್ತರ ಅಂಚಿಗೆ ಬರುವವರೆಗೂ ಅವರ ಹೆಸರು ಆ ಸೀಮೆಯಾಚೆ ತಿಳಿದಿರಲಿಲ್ಲ.

ಅವರು ಬೆಳೆಯುತ್ತಿದ್ದುದು ಕೆನೋಲಾ ಎಂಬ ಎಣ್ಣೆಕಾಳು. ಇದು ಸಾಸಿವೆಯ ಬಳಗಕ್ಕೆ ಸೇರಿದ, ಹಳದಿ ಹೂ ಬಿಡುವ ಬೆಳೆ. ಕೆನಡಾದ ವಿಜ್ಞಾನಿಗಳೇ 1970ರ ದಶಕದಲ್ಲಿ ರೂಪಿಸಿದ್ದು. ಪ್ರತಿ ವರ್ಷದ ಬೆಳೆಯಲ್ಲಿ ಒಂದಂಶವನ್ನು ಮುಂದಿನ ಬಿತ್ತನೆಗೆ ಎತ್ತಿಡುವುದು ಶ್ಮೈಸರ್ ಅವರ ವಾಡಿಕೆ. ಹೀಗೆ ಎತ್ತಿಟ್ಟ ಬೀಜದಲ್ಲಿ ಒಬ್ಬ ರೈತನ ಹತ್ತಾರು ವರ್ಷಗಳ ಆಯ್ಕೆ, ಅನುಭವ ಹಾಗೂ ಸಂಯಮ ಕೂಡಿಕೊಂಡಿರುತ್ತವೆ. ಇಂದಿನ ಲಾಭದಲ್ಲಿ ಸ್ವಲ್ಪವನ್ನು ನಾಳೆಗೆಂದು ಕಾದಿಡುವ ಗುಣ ವ್ಯಾಪಾರಿಯಲ್ಲೂ ಇರಬೇಕಾದದ್ದೇ. ರೈತನ ಪಾಲಿಗಂತೂ ಅದು ಪ್ರಾಣವಾಯು.

1996ರಲ್ಲಿ ಆ ಸೀಮೆಯ ಕೆಲವು ರೈತರು ಮಾನ್ಸಾಂಟೊ ಕಂಪನಿಯ ಹೊಸ ಬಗೆಯ ಕೆನೋಲಾ ಬಿತ್ತಿದರು. ರೌಂಡಪ್ ಎಂಬ ಕಳೆನಾಶಕವನ್ನು ಸಿಂಪಡಿಸಿದರೂ ಸಾಯದಿರುವ ಗುಣವನ್ನು ಆ ಗಿಡದೊಳಗೆ ಸೇರಿಸಲಾಗಿತ್ತು. ಆ ವಂಶವಾಹಿಯ ಪೇಟೆಂಟ್ ಕಂಪನಿಯದು. ಬಿತ್ತುವ ರೈತನು ಎಕರೆಗೆ 15 ಡಾಲರ್ ಶುಲ್ಕ ಕೊಡಬೇಕು, ಬೀಜವನ್ನು ಮರುಬಿತ್ತನೆಗೆ ಇಟ್ಟುಕೊಳ್ಳಬಾರದು ಎಂಬುದು ಒಪ್ಪಂದದ ಕರಾರು. ಶ್ಮೈಸರ್ ಅಂತಹ ಒಪ್ಪಂದಕ್ಕೆ ಸಹಿ ಹಾಕಿದವರಲ್ಲ, ಆ ಬೀಜವನ್ನು ಕೊಂಡವರೂ ಅಲ್ಲ. ಆದರೆ 1997ರಲ್ಲಿ ರಸ್ತೆಬದಿಯ ವಿದ್ಯುತ್ ಕಂಬಗಳ ಸುತ್ತ ರೌಂಡಪ್ ಸಿಂಪಡಿಸಿದಾಗ ಕೆಲವು ಕೆನೋಲಾ ಗಿಡಗಳು ಸಾಯದೆ ಉಳಿದವು. ಅನುಮಾನಗೊಂಡ ಅವರು ಪಕ್ಕದ ಹೊಲದ ಸುಮಾರು 3 ಎಕರೆಗೆ ಅದೇ ಔಷಧವನ್ನು ಹೊಡೆದು ಪರೀಕ್ಷಿಸಿದರು. ಅಲ್ಲಿ ಶೇ. 60ರಷ್ಟು ಗಿಡಗಳು ಬದುಕಿ ಉಳಿದವು. ರಸ್ತೆಯ ಅಂಚಿನಲ್ಲಿ ಅವು ದಟ್ಟವಾಗಿದ್ದವು. ಆ ಹೊಲದ ಬೀಜವನ್ನು ಎತ್ತಿಟ್ಟು, 1998ರಲ್ಲಿ ಸುಮಾರು 1,030 ಎಕರೆಯಲ್ಲಿ ಬಿತ್ತಿದರು. ಅದೇ ವರ್ಷ ಕಂಪನಿಯು ಅವರ ಮೇಲೆ ದಾವೆ ಹೂಡಿತು.

2001ರಲ್ಲಿ ಕೆಳಗಿನ ನ್ಯಾಯಾಲಯದ ತೀರ್ಪು ಅವರ ವಿರುದ್ಧವಾಯಿತು. 2002ರ ಮೇಲ್ಮನವಿಯಲ್ಲೂ ಸೋತರು. 2004ರ ಮೇ 21ರಂದು ಕೆನಡಾದ ಸರ್ವೋಚ್ಚ ನ್ಯಾಯಾಲಯವು 5 ಮಂದಿ ಒಂದೆಡೆ, 4 ಮಂದಿ ಮತ್ತೊಂದೆಡೆ ನಿಂತು ತೀರ್ಪಿತ್ತಿತು. ಮೊದಲ ಗಿಡಗಳು ಗಾಳಿಯಿಂದ ಬಂದವೋ, ಸಾಗುವ ವಾಹನದಿಂದ ಉದುರಿದವೋ ಎಂಬುದು ನಿಶ್ಚಯವಾಗಲಿಲ್ಲ. ಆದರೆ ತಾನು ಬಿತ್ತುವ ಬೀಜ ಯಾವ ಬಗೆಯದೆಂದು ಅವರಿಗೆ ತಿಳಿದಿತ್ತು, ಇಲ್ಲವೇ ತಿಳಿದಿರಬೇಕಿತ್ತು ಎಂಬ ನಿರ್ಣಯ ಉಳಿದುಕೊಂಡಿತು. ಪೇಟೆಂಟ್ ಹಕ್ಕಿಗೆ ಚ್ಯುತಿಯಾಗಿದೆ ಎಂದ ನ್ಯಾಯಾಲಯವು, ಅದರಿಂದ ಅವರಿಗೆ ಯಾವ ಹೆಚ್ಚಿನ ಲಾಭವೂ ಆಗಿಲ್ಲವೆಂದು ಕಂಡು, ಹಿಂದೆ ವಿಧಿಸಿದ್ದ 19,832 ಡಾಲರ್‌ಗಳನ್ನು ಕೊಡಬೇಕಿಲ್ಲವೆಂದಿತು. ಉಭಯ ಪಕ್ಷಗಳೂ ತಮ್ಮ ತಮ್ಮ ಖರ್ಚನ್ನು ತಾವೇ ಭರಿಸುವಂತೆ ಆದೇಶಿಸಿತು.

ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಧರ್ಮದ ಮಾತು ಅಲ್ಲಿಗೆ ಮುಗಿಯಲಾರದು.

ಪರರ ವಸ್ತು ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತದ್ದಾಗಲಿ, ಕೊಡದೆ ತೆಗೆದುಕೊಳ್ಳಬಾರದೆಂಬುದು ಶ್ರಾವಕಾಚಾರದ ಬೋಧೆ. ದಾರಿಯಲ್ಲಿ ಬಿದ್ದ ಹಣದ ಥೈಲಿಯ ವಿಷಯದಲ್ಲಿ ಈ ಮಾತಿಗೆ ಎರಡನೆಯ ಅರ್ಥವಿಲ್ಲ. ಆದರೆ ಬೀಜವು ಥೈಲಿಯಂತೆ ಬಿದ್ದಲ್ಲೇ ಬಿದ್ದಿರುವುದಿಲ್ಲ. ಅದು ಮೊಳೆಯುತ್ತದೆ, ಹೊಲದ ಯಜಮಾನನ ಮಣ್ಣಿನ ಸಾರವನ್ನೂ ಅವನ ದುಡಿಮೆಯನ್ನೂ ಉಂಡು ಬೆಳೆಯುತ್ತದೆ, ಅವನದೇ ಬೀಜದೊಡನೆ ಬೆರೆತು, ಬೇರ್ಪಡಿಸಲಾಗದಂತಾಗುತ್ತದೆ. ಒಂದನ್ನು ಹಿಂದಿರುಗಿಸಲು ಹೋದರೆ ಹತ್ತಾರು ವರ್ಷ ಕಾಪಾಡಿದ ತನ್ನ ಸ್ವಂತದ್ದನ್ನೂ ಚೆಲ್ಲಬೇಕಾಗುತ್ತದೆ. ಇಂತಹ ಪರಿಸ್ಥಿತಿಯಲ್ಲಿ 'ಕೊಡದೆ ತೆಗೆದುಕೊಂಡವನು' ಎಂಬ ಮಾತನ್ನು ಶ್ಮೈಸರ್ ಅವರ ಮೇಲೆ ಹೊರಿಸುವ ಮುನ್ನ ವಿವೇಕಿಯಾದವನು ತಡೆಯುತ್ತಾನೆ.

ಹಾಗೆಂದು ಅವರನ್ನು ಪೂರ್ಣ ನಿರ್ದೋಷಿಯೆನ್ನುವುದೂ ಸರಿಯಲ್ಲ. ಅನುಮಾನ ಬಂದಿತ್ತು, ಪರೀಕ್ಷಿಸಿ ನೋಡಿಯೂ ಆಗಿತ್ತು, ಬಳಿಕ ಅದೇ ಹೊಲದ ಬೀಜವನ್ನೇ ಬಿತ್ತಿದರು. ತನ್ನ ಹೊಲದಲ್ಲಿ ಬೆಳೆದದ್ದು ತನ್ನದೆಂಬ ಹಳೆಯ ನಂಬಿಕೆಯಿಂದ ಹಾಗೆ ಮಾಡಿದರೆಂದು ಒಪ್ಪಿದರೂ, ಅರಿವಾದ ಕ್ಷಣದಲ್ಲಿ ನೆರೆಯವರನ್ನೋ ಕಂಪನಿಯನ್ನೋ ಕರೆದು 'ಇದು ನನ್ನದಲ್ಲ, ಬಂದು ತೆಗೆಯಿರಿ' ಎಂದಿದ್ದರೆ ಅವರ ಪಕ್ಷ ಇನ್ನಷ್ಟು ಉಜ್ವಲವಾಗುತ್ತಿತ್ತು. ಅವರ ಸ್ಮರಣೆಯಲ್ಲಿ ಈ ಮಾತನ್ನು ಬಿಡಬಾರದು.

ವಿಶೇಷವೇನೆಂದರೆ, ಮುಂದೆ ಅವರು ನಡೆದುಕೊಂಡದ್ದು ಹಾಗೆಯೇ. 2005ರಲ್ಲಿ ಅವರ ಹೊಲದಲ್ಲಿ ಅದೇ ಬಗೆಯ ಗಿಡಗಳು ಮತ್ತೆ ಕಾಣಿಸಿಕೊಂಡವು. ಈ ಬಾರಿ ಅವರು ಕಂಪನಿಗೆ ತಿಳಿಸಿದರು. ಕಂಪನಿಯು ಗಿಡಗಳನ್ನು ಕೀಳಿಸಿಕೊಡಲು ಸಿದ್ಧವಿತ್ತು. ಆದರೆ ಈ ವಿಚಾರವನ್ನು ಹೊರಗೆ ಆಡಬಾರದೆಂಬ ಷರತ್ತಿನ ಪತ್ರಕ್ಕೆ ಸಹಿ ಬೇಕೆಂದಿತು. ಶ್ಮೈಸರ್ ಒಪ್ಪಲಿಲ್ಲ. ತಾವೇ ಗಿಡ ಕೀಳಿಸಿ ಲೆಕ್ಕದ ಚೀಟಿ ಕಳುಹಿಸಿದರು. 2008ರ ಮಾರ್ಚ್ ತಿಂಗಳಲ್ಲಿ ಕಂಪನಿಯು, ಬಾಯಿಗೆ ಬೀಗ ಹಾಕುವ ಷರತ್ತಿಲ್ಲದೆ, 660 ಡಾಲರ್ ಪಾವತಿಸಿತು. ಮೊತ್ತ ಅಲ್ಪ. ಆದರೆ ಅದರಲ್ಲಿ ಅಡಗಿರುವ ತತ್ತ್ವವನ್ನು ಲೆಕ್ಕ ಬಲ್ಲವರು ಕೂಡಲೇ ಗುರುತಿಸುತ್ತಾರೆ. ಯಾವ ಪುಸ್ತಕದಲ್ಲೂ ಜಮಾ ಕಡೆ ಒಂದನ್ನೇ ಬರೆದು ಖರ್ಚಿನ ಕಡೆಯನ್ನು ಖಾಲಿ ಬಿಡಲಾಗದು. ಗಿಡದೊಳಗಿನ ಗುಣ ನನ್ನ ಸ್ವತ್ತೆಂದು ಹಕ್ಕು ಸಾಧಿಸುವವನು, ಆ ಸ್ವತ್ತು ಬೇಲಿ ದಾಟಿ ಪರರ ಹೊಲ ಹೊಕ್ಕಾಗ ಅದರ ಹೊಣೆಯನ್ನೂ ಹೊರಬೇಕು. ಎತ್ತು ತನ್ನದೆನ್ನುವವನು ಅದು ಮೇದ ಪೈರಿಗೂ ಉತ್ತರ ಹೇಳಬೇಕು ಎಂಬುದನ್ನು ಯಾವ ಹಳ್ಳಿಯ ಪಂಚಾಯಿತಿಯೂ ಬಲ್ಲದು. ಆ ಕಂಪನಿಯನ್ನು 2018ರಲ್ಲಿ ಬೇಯರ್ ಸಂಸ್ಥೆ ಕೊಂಡಿತು. ಒಡೆಯರು ಬದಲಾದರೂ ಈ ತತ್ತ್ವ ಬದಲಾಗುವುದಿಲ್ಲ.

ಈ ಹತ್ತು ವರ್ಷಗಳ ಹೋರಾಟದಲ್ಲಿ ಲೂಯಿಸ್ ಅವರ ಪಾಲನ್ನು ಮರೆಯಲಾಗದು. ಬೀಜವನ್ನು ಕಾಪಾಡಿದ ಶ್ರಮದಲ್ಲಿ ಅವರೂ ಸಮಭಾಗಿ. ವೃದ್ಧಾಪ್ಯದ ನೆಮ್ಮದಿಯನ್ನು ಪಣಕ್ಕಿಟ್ಟವರಲ್ಲಿ ಅವರೂ ಒಬ್ಬರು. 2007ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯು ಪತಿಪತ್ನಿಯರಿಬ್ಬರಿಗೂ ಸೇರಿ ಸಂದದ್ದು ಉಚಿತವೇ ಆಗಿತ್ತು. ಗೃಹಸ್ಥನ ಧೈರ್ಯವು ಬಹುಮಟ್ಟಿಗೆ ಗೃಹದ ಧೈರ್ಯವೇ ಆಗಿರುತ್ತದೆ.

ಈ ಪ್ರಶ್ನೆ ಕೆನಡಾಕ್ಕೆ ಮಾತ್ರ ಸೀಮಿತವಾದುದಲ್ಲ. ಭಾರತದಲ್ಲಿ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು, ರೈತನು ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಲು, ಮರಳಿ ಬಿತ್ತಲು, ಹಂಚಿಕೊಳ್ಳಲು, ಮಾರಲು ಹಕ್ಕುಳ್ಳವನೆಂದು ಹೇಳಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಮುದ್ರೆಯೊಡನೆ ಮಾರಬಾರದೆಂಬ ಮಿತಿಯನ್ನೂ ಹಾಕಿದೆ. ತಳಿ ರೂಪಿಸಿದವನ ಶ್ರಮಕ್ಕೂ ಬಿತ್ತಿ ಉಳಿಸಿದವನ ಶ್ರಮಕ್ಕೂ ಪಾಲು ಕಲ್ಪಿಸುವ ಪ್ರಯತ್ನವಿದು. ಹೊಸ ಬೀಜವನ್ನು ಸೃಷ್ಟಿಸುವ ವಿಜ್ಞಾನಿಯ ಬುದ್ಧಿಗೆ ಬೆಲೆಯಿಲ್ಲವೆನ್ನುವುದು ಅನ್ಯಾಯ. ಅದರ ಹಿಂದಿರುವ ಸಾವಿರಾರು ವರ್ಷಗಳ ರೈತರ ಆಯ್ಕೆಗೆ ಬೆಲೆಯಿಲ್ಲವೆನ್ನುವುದು ಅದಕ್ಕೂ ಮಿಗಿಲಾದ ಅನ್ಯಾಯ.

ಶ್ಮೈಸರ್ ಅವರನ್ನು ಸ್ಮರಿಸುವವರು ಅವರಿಗೆ ವಿಗ್ರಹದ ಸ್ಥಾನ ಕೊಡಬೇಕಾಗಿಲ್ಲ. ಐದು ದಶಕಗಳಿಗೂ ಹೆಚ್ಚು ಕಾಲ ಒಂದೇ ನೆಲವನ್ನು ನಿಷ್ಠೆಯಿಂದ ಉತ್ತು, ಸಂಸಾರವನ್ನು ಬೆಳೆಸಿ, ಊರಿನ ಭಾರ ಹೊತ್ತು, ಒಮ್ಮೆ ಎಡವಿ, ಬಳಿಕ ತಾನು ಸತ್ಯವೆಂದು ಕಂಡದ್ದನ್ನು ಮೌನಕ್ಕೆ ಮಾರಿಕೊಳ್ಳದ ಗೃಹಸ್ಥರೆಂದು ನೆನೆದರೆ ಸಾಕು. ತನ್ನದಲ್ಲದ್ದನ್ನು ಬಯಸದಿರುವುದು ಒಂದು ವ್ರತ. ತನ್ನದೆಂದು ಸಾಧಿಸಿದ್ದರ ಹೊಣೆಯಿಂದ ನುಣುಚಿಕೊಳ್ಳದಿರುವುದು ಅದರ ಇನ್ನೊಂದು ಮುಖ. ಮೊದಲನೆಯದನ್ನು ರೈತನಿಗೆ ಬೋಧಿಸುವ ಲೋಕವು ಎರಡನೆಯದನ್ನು ಉಳ್ಳವರಿಗೂ ಬೋಧಿಸಲು ಅಂಜಬಾರದು.