ಕೇಳುವದೆಂದರೇನು?

ನಮ್ಮ ಕನ್ನಡ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಮಾತು ಮೂರು ಕೆಲಸಗಳನ್ನು ಮಾಡುತ್ತದೆ. ಗುಡುಗು ಕೇಳಿತು ಎಂದರೆ ಅದರ ಶಬ್ದವು ಕಿವಿಗೆ ಬಿತ್ತೆಂದರ್ಥ. ದಾರಿ ಯಾವದೆಂದು ಕೇಳಿದೆನು ಎಂದರೆ ಪ್ರಶ್ನೆಮಾಡಿದೆನೆಂದರ್ಥ. ಆದರೆ ಮಗನು ತನ್ನ ಮಾತು ಕೇಳುವದಿಲ್ಲವೆಂದು ತಂದೆಯು ದೂರುವಾಗ, ಮಗನು ಕಿವುಡನೆಂದು ಯಾರೂ ತಿಳಿಯುವದಿಲ್ಲ. ಅವನು ವಿಧೇಯನಲ್ಲವೆಂದೇ ತಿಳಿಯುತ್ತಾರೆ. ಈ ಮೂರನೆಯ ಅರ್ಥವು ಮಿಕ್ಕ ಎರಡನ್ನೂ ಮೆಲ್ಲಮೆಲ್ಲಗೆ ನುಂಗಿಬಿಟ್ಟಿದೆಯೆಂದು ನನಗೆ ತೋಚುತ್ತದೆ.

ಯಾಕಂದರೆ ಕೇಳುವದೆಂದರೆ ಒಳಪಡುವದೆಂಬ ಎಣಿಕೆಯು ಮನಸ್ಸಿನಲ್ಲಿ ಒಮ್ಮೆ ನೆಲೆಗೊಂಡಿತೆಂದರೆ, ದೊಡ್ಡವನು ಚಿಕ್ಕವನ ಮಾತಿಗೆ ಕಿವಿಗೊಡುವದು ಅವಮಾನವಾಗಿ ಕಾಣುವದು. ಮಕ್ಕಳು ಹಿರಿಯರ ಮಾತು ಕೇಳಬೇಕು, ಸೊಸೆಯು ಅತ್ತೆಯ ಮಾತು ಕೇಳಬೇಕು, ಆಳು ಧಣಿಯ ಮಾತು ಕೇಳಬೇಕು ಎಂದು ದಿನಾಲೂ ಹೇಳುತ್ತೇವೆ. ಇದನ್ನು ತಿರುಗಿಸಿ, ಧಣಿಯು ಆಳಿನ ಮಾತು ಕೇಳಬೇಕು ಎಂದು ಹೇಳಿ ನೋಡಿರಿ. ಹತ್ತಿರ ಇದ್ದವರು ನಗುವರು. ಊರ ನ್ಯಾಯಕ್ಕೆ ಕೂತ ಹಿರಿಯರನ್ನೂ ಗಮನಿಸಿರಿ. ಬದುವಿನ ಜಗಳವನ್ನು ಹೇಳಿಕೊಳ್ಳಲು ಬಂದ ಬಡವನು ಎರಡು ಮಾತು ಆಡುವಷ್ಟರಲ್ಲಿ, 'ಸಾಕು, ಗೊತ್ತಾಯಿತು' ಎಂಬ ಉತ್ತರವು ಬರುತ್ತದೆ. ಗೊತ್ತಾದದ್ದೇನು? ಅವನು ಯಾರ ಮಗನು, ಯಾವ ಕೇರಿಯವನು ಎಂಬದೇ ಹೊರತು ಬದುವಿನ ಸಂಗತಿಯಲ್ಲ.

ಹೀಗಿರಲಾಗಿ ನಾವು ವಿಚಾರಿಸತಕ್ಕ ಪ್ರಶ್ನೆ ಯಾವದಂದರೆ: ಒಬ್ಬನ ಮಾತನ್ನು ಒಪ್ಪದೆ, ಅದಕ್ಕೆ ಒಳಪಡದೆ, ಆದರೂ ಅದನ್ನು ಪೂರ್ಣವಾಗಿ ಕೇಳುವದು ಸಾಧ್ಯವೋ? ಸಾಧ್ಯವಾದರೆ ಅದು ನಮ್ಮ ದಯೆಗೆ ಬಿಟ್ಟ ಕಾರ್ಯವೋ, ಇಲ್ಲವೆ ಸಾಲದ ಹಾಗೆ ಸಲ್ಲಿಸಲೇಬೇಕಾದದ್ದೋ?

ಇದು ಪಂಡಿತರ ಪ್ರಶ್ನೆಯೆಂದು ಎಣಿಸಬಾರದು. ಇದರಲ್ಲಿ ಪ್ರಾಣಗಳ ಹೊಣೆಯುಂಟು. 1977ನೆಯ ಮಾರ್ಚ್ 27ರಂದು ಟೆನೆರೀಫ್ ಎಂಬ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟವಾದ ಮಂಜು ಕವಿದಿತ್ತು. ಸಮೀಪದ ಇನ್ನೊಂದು ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದದ್ದರಿಂದ ಅಲ್ಲಿಗೆ ಹೋಗಬೇಕಾದ ಅನೇಕ ವಿಮಾನಗಳು ಇಲ್ಲಿಗೆ ಬಂದು ಕಿಕ್ಕಿರಿದಿದ್ದವು. ಹಾಲೆಂಡ್ ದೇಶದ ಒಂದು ದೊಡ್ಡ ವಿಮಾನವು ಅಪ್ಪಣೆ ಸಿಕ್ಕುವದಕ್ಕೆ ಮೊದಲೇ ಏರಲಿಕ್ಕೆ ಓಡತೊಡಗಿತು. ಅಮೆರಿಕದ ಇನ್ನೊಂದು ವಿಮಾನವು ಅದೇ ಹಾದಿಯಲ್ಲಿ, ಮಂಜಿನ ಮರೆಯಲ್ಲಿ, ಎದುರಿಗೆ ಬರುತ್ತಾ ಇತ್ತು. ಹಾಲೆಂಡಿನವರ ವಿಮಾನದಲ್ಲಿ ಹಿಂದೆ ಕೂತಿದ್ದ ಇಂಜಿನಿಯರನ ಕಿವಿಗೆ ರೇಡಿಯೋದಲ್ಲಿ ಬಂದ ಒಂದು ಮಾತು ಬಿತ್ತು. ಸಂಶಯಪಟ್ಟು, ಆ ಅಮೆರಿಕದ ವಿಮಾನವು ಇನ್ನೂ ಹಾದಿ ಬಿಟ್ಟಿಲ್ಲವೋ ಎಂದು ಅವನು ಕೇಳಿದನು. ಮುಖ್ಯ ಚಾಲಕನು ಬಹಳ ವರ್ಷಗಳ ಅನುಭವಿ, ಇತರ ಚಾಲಕರಿಗೆ ಕಲಿಸುವ ಗುರು. ಬಿಟ್ಟಿದೆ ಎಂದು ಅವನು ದೃಢವಾಗಿ ಉತ್ತರಕೊಟ್ಟನು. ಇಂಜಿನಿಯರನು ತಿರುಗಿ ಕೇಳಲಿಲ್ಲ. ಕೆಲವು ಕ್ಷಣಗಳೊಳಗೆ ಎರಡು ವಿಮಾನಗಳೂ ಡಿಕ್ಕಿ ಹೊಡೆದು 583 ಮಂದಿ ಸತ್ತರು. ಆ ಚಾಲಕನು ದುಷ್ಟನಲ್ಲ, ಕಿವುಡನಲ್ಲ. ಪ್ರಶ್ನೆಯು ಅವನ ಕಿವಿಗೆ ಬಿದ್ದಿತ್ತು, ಉತ್ತರವೂ ಕೊಡಲ್ಪಟ್ಟಿತು. ಆದರೆ ಹಾದಿಯು ತೆರವಾಗಿದೆಯೆಂದು ಅವನು ಮೊದಲೇ ತೀರ್ಮಾನಿಸಿದ್ದರಿಂದ ಆ ಪ್ರಶ್ನೆಗೆ ಒಳಗೆ ಬರಲು ಬಾಗಿಲು ಇರಲಿಲ್ಲ.

ಈ ದುಃಖದ ತರುವಾಯ ವಿಮಾನದವರು ತಮ್ಮ ಪದ್ಧತಿಗಳನ್ನು ತಿದ್ದಿಕೊಂಡರು. ಕೆಳಗಿನವನು ಸಂಶಯವನ್ನು ಧೈರ್ಯವಾಗಿ ಹೇಳಬೇಕು, ಮೇಲಿನವನು ಅದನ್ನು ಕೇಳಿ ವಿಚಾರಿಸಬೇಕು ಎಂಬದನ್ನು ಈಗ ಚಾಲಕರಿಗೆ ಪಾಠವಾಗಿಯೇ ಕಲಿಸುತ್ತಾರೆ. ಚಾಲಕನ ಅಧಿಕಾರವು ಇದರಿಂದ ಅಳಿದುಹೋಗಲಿಲ್ಲ. ಕೊನೆಯ ತೀರ್ಮಾನವು ಇಂದಿಗೂ ಅವನದೇ. ಹಾಗಾದರೆ ಕೇಳುವದು ಬೇರೆ, ಒಳಪಡುವದು ಬೇರೆಯೆಂಬದು ಸ್ಪಷ್ಟವಾಯಿತು. ಇದಲ್ಲದೆ, ಆ ಇಂಜಿನಿಯರನ ಪ್ರಶ್ನೆಯನ್ನು ಕೇಳುವ ಸಾಲವು ಅವನೊಬ್ಬನಿಗೆ ಸಲ್ಲತಕ್ಕದ್ದಾಗಿರಲಿಲ್ಲ. ಹಿಂದೆ ಕೂತ ತಾಯಂದಿರಿಗೂ ಕೂಸುಗಳಿಗೂ ಸಲ್ಲತಕ್ಕದ್ದಾಗಿತ್ತು.

ವೈದ್ಯರ ವಿಷಯವನ್ನೂ ಸ್ವಲ್ಪ ನೋಡೋಣ. 1816ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಲೆನೆಕ್ ಎಂಬ ವೈದ್ಯನು ಹೃದ್ರೋಗದ ಲಕ್ಷಣವುಳ್ಳ ಒಬ್ಬ ತರುಣಿಯ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಂತೆ ಸುತ್ತಿ ಅದರ ಮೂಲಕ ಆಲಿಸಿದನು. ಎದೆಯ ಬಡಿತವು ಬರಿಗಿವಿಗಿಂತಲೂ ಚೆನ್ನಾಗಿ ಕೇಳಿಸಿತು. ಇಂದು ಎಲ್ಲಾ ವೈದ್ಯರ ಕೊರಳಲ್ಲಿ ತೂಗುವ ಸ್ಟೆತೊಸ್ಕೋಪಿನ ಹುಟ್ಟು ಇದೇ. ಎದೆಯ ಶಬ್ದವನ್ನು ಕೇಳಲು ಇಷ್ಟು ಸೂಕ್ಷ್ಮವಾದ ಉಪಕರಣವಿರಲಾಗಿ, ಎದೆಯವನ ಮಾತಿಗೆ ಏನಾಯಿತು? 1984ರಲ್ಲಿ ಬೆಕ್‌ಮನ್, ಫ್ರಾಂಕೆಲ್ ಎಂಬ ಇಬ್ಬರು ಅಮೆರಿಕದಲ್ಲಿ 74 ರೋಗಿಗಳ ಭೇಟಿಗಳನ್ನು ಪರೀಕ್ಷಿಸಿ ಬರೆದದ್ದೇನಂದರೆ, ತಮ್ಮ ಮೊದಲ ಮಾತನ್ನು ಮುಗಿಸಲು ಅವಕಾಶ ಸಿಕ್ಕಿದ್ದು 17 ಭೇಟಿಗಳಲ್ಲಿ ಮಾತ್ರ. ವೈದ್ಯನು ನಡುವೆ ಬಾಯಿಹಾಕಲು ತೆಗೆದುಕೊಂಡ ಸಮಯವು ಸರಾಸರಿ 18 ಸೆಕೆಂಡುಗಳು. ವೈದ್ಯರನ್ನು ನಿಂದಿಸಲಿಕ್ಕೆ ಇದನ್ನು ಬರೆಯಲಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಗಡಿಯಾರ ಹಿಡಿದು ಕೂತರೆ 18 ಸೆಕೆಂಡಾದರೂ ಸಿಕ್ಕೀತೋ ಎಂಬ ಸಂಶಯ ನನಗುಂಟು.

ಹಾಗಾದರೆ ಯಾಕೆ ಕೇಳಲಾರೆವು? ಪುರುಸೊತ್ತಿಲ್ಲವೆಂಬದು ನೆಪವಷ್ಟೇ, ನಿಜವಾದ ಕಾರಣವು ಭಯವೇ. 1951ರಲ್ಲಿ ಕಾರ್ಲ್ ರಾಜರ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಒಂದು ಉಪನ್ಯಾಸದಲ್ಲಿ ಜಗಳವಾಡುವವರಿಗೆ ಒಂದು ನಿಯಮವನ್ನು ಸೂಚಿಸಿದನು: ಎದುರಿನವನು ಹೇಳಿದ್ದನ್ನು ಅವನೇ ಹೌದೆಂದು ಒಪ್ಪುವಂತೆ ನಿಮ್ಮ ಬಾಯಿಂದ ತಿರುಗಿ ಹೇಳಿದ ಮೇಲೆಯೇ ನಿಮ್ಮ ಉತ್ತರವನ್ನು ಕೊಡತಕ್ಕದ್ದು. ಓದಲಿಕ್ಕೆ ಹಗುರ. ಪಾಲಿನ ವಿಷಯದಲ್ಲಿ ಮುನಿದಿರುವ ಅಣ್ಣತಮ್ಮಂದಿರು ಇದನ್ನು ಮಾಡಿ ನೋಡಲಿ! ತಮ್ಮನ ದುಃಖವನ್ನು ಅಣ್ಣನು ತನ್ನ ನಾಲಿಗೆಯಿಂದಲೇ ಸರಿಯಾಗಿ ಹೇಳಿದನೆಂದರೆ ಅವನ ಕೋಪದ ಅರ್ಧವು ಅಲ್ಲಿಯೇ ಇಳಿದುಹೋಗುತ್ತದೆ. ಇಳಿದೀತೆಂಬ ಭಯದಿಂದಲೇ ಹೇಳಲಾರನು. ಹೀಗೆ ಕೇಳುವವನು ತಾನೇ ಬದಲಾಗುವ ಅಪಾಯವುಂಟು, ಆದದರಿಂದ ಇದಕ್ಕೆ ಧೈರ್ಯ ಬೇಕೆಂದು ರಾಜರ್ಸನೂ ಒಪ್ಪಿಕೊಂಡಿದ್ದಾನೆ.

ಎಲ್ಲವನ್ನೂ ಕೇಳಬೇಕೋ, ಚಾಡಿಯನ್ನೂ ಕೇಳಬೇಕೋ ಎಂದು ಕೆಲವರು ಅನ್ನಬಹುದು. ಕೂಡದು. ತನ್ನ ನೋವನ್ನು ಹೇಳಿಕೊಳ್ಳುವವನಿಗೆ ನಮ್ಮ ಕಿವಿಯ ಮೇಲೆ ಹಕ್ಕುಂಟು. ಇಲ್ಲದವನ ಮಾನವನ್ನು ಹರಾಜು ಹಾಕುವವನಿಗೆ ಇಲ್ಲ. ಇವೆರಡೂ ಕಲಸಿಕೊಂಡು ಬರುವದುಂಟು. ಆಗ ನೋವನ್ನು ಕೇಳಿ, ಉಳಿದದ್ದಕ್ಕೆ ಆ ಇಲ್ಲದವನನ್ನೇ ಹೋಗಿ ವಿಚಾರಿಸುವದು ನ್ಯಾಯ.

ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು. ನಮ್ಮ ನೆರೆಮನೆಯಲ್ಲಿ ಒಬ್ಬ ಮುದುಕಿ ವಿಧವೆಯಿದ್ದಳು. ಮುಂಬಯಿಗೆ ಹೋದ ಮಗನು ತಿರುಗಿ ಬರಲಿಲ್ಲ. ಸಾಯಂಕಾಲ ನಮ್ಮ ಜಗಲಿಯ ಮೇಲೆ ಕೂತು ಅದೇ ಕಥೆಯನ್ನು ಹೇಳುವಳು; ಅವಳು ಉಸಿರಿಗೆ ನಿಂತ ಕಡೆಯಲ್ಲಿ ನಾನು, 'ಬಸ್ಸು ಹತ್ತಿ ಹೋದ, ತಿರುಗಿ ನೋಡಲಿಲ್ಲ, ಅಲ್ಲವೇ ಅಮ್ಮಾ' ಎಂದು ಮುಗಿಸಿಬಿಡುವೆನು. ಹೌದೆಂದು ತಲೆದೂಗಿ ಎದ್ದುಹೋಗುವಳು. ಹೀಗೆ ಎರಡು ವರ್ಷ ನಡೆಯಿತು. ಒಂದು ಮಳೆಗಾಲದಲ್ಲಿ ನನಗೆ ಗಂಟಲು ಕಟ್ಟಿ ಮಾತೇ ಹೊರಡದಾಯಿತು. ಅಂದೂ ಅವಳು ಬಂದು ಕೂತಳು. ಕಥೆಯು ಬಸ್ಸಿನ ತನಕ ಬಂತು. ನಾನು ಸುಮ್ಮನಿದ್ದೆನು. ಅವಳು ನನ್ನ ಮುಖವನ್ನು ನೋಡಿದಳು, ಸ್ವಲ್ಪ ಹೊತ್ತು ಕಾದಳು, ಆ ಮೇಲೆ, 'ಅವನು ತಿರುಗಿ ನೋಡಿದ, ಮಗಾ. ನಾನೇ ಬಾಗಿಲು ಹಾಕಿಕೊಂಡೆ' ಅಂದಳು.