ಅಸೈಲಮ್, ಮರೆ, ಶರಣು: ಆಶ್ರಯದ ಅರ್ಥವಿಚಾರ

ಆಶ್ರಯವನ್ನು ಸೂಚಿಸುವ ಇಂಗ್ಲಿಷ್ ಪದಗಳಲ್ಲಿ ‘ಅಸೈಲಮ್’ ಎಂಬುದು ರಾಜ್ಯಶಾಸ್ತ್ರ, ಕಾನೂನು ಮತ್ತು ಧರ್ಮ ಮೂರಕ್ಕೂ ಸೇರಿದ ಪದ. ಇಂದು ಇದನ್ನು ಒಂದು ದೇಶವು ಪರದೇಶದ ಸಂತ್ರಸ್ತನಿಗೆ ನೀಡುವ ರಕ್ಷಣೆ ಎಂಬ ಅರ್ಥದಲ್ಲಿ ಬಳಸುತ್ತಾರೆ. ಆದರೆ ಇದರ ಮೂಲದಲ್ಲಿ ರಕ್ಷಿಸುವವನ ಪ್ರಸ್ತಾಪವೂ ಇಲ್ಲ, ರಕ್ಷಣೆ ಪಡೆಯುವವನ ಪ್ರಸ್ತಾಪವೂ ಇಲ್ಲ. ಬೆನ್ನಟ್ಟಿ ಬಂದವನ ಕೈಯನ್ನು ತಡೆಯುವ ನಿಷೇಧವೊಂದೇ ಇದೆ. ಕನ್ನಡದ ‘ಮರೆ’ ಮತ್ತು ಸಂಸ್ಕೃತದಿಂದ ಬಂದು ಕನ್ನಡದ್ದೇ ಆಗಿಹೋದ ‘ಶರಣು’ ಈ ಎರಡು ಪದಗಳು ಅದೇ ಸಂಗತಿಯನ್ನು ಬೇರೆ ಬೇರೆ ದಿಕ್ಕುಗಳಿಂದ ನೋಡುತ್ತವೆ. ಈ ಮೂರನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ, ಆಶ್ರಯವೆಂದರೆ ಒಂದು ಸ್ಥಳವೇ, ಒಂದು ಹಕ್ಕೇ ಅಥವಾ ಮನುಷ್ಯರ ನಡುವಿನ ಒಂದು ಸಂಬಂಧವೇ ಎಂಬ ತಾತ್ವಿಕ ಪ್ರಶ್ನೆ ಎದುರಾಗುತ್ತದೆ. ರಾಯಚೂರು ಜಿಲ್ಲೆಯ ವಳಕಮದಿನ್ನಿಯ ಆಸುಪಾಸಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ ಈ ಪ್ರಶ್ನೆಗೆ ಬಹುಕಾಲದಿಂದ ಸಾಕ್ಷಿಯಾಗಿ ನಿಂತಿರುವ ನೆಲವಾದ್ದರಿಂದ, ವಿಚಾರವನ್ನು ಆ ನೆಲದ ಮೇಲೆಯೇ ಬೆಳೆಸುವುದು ಉಚಿತ.

ಪ್ರಾಚೀನ ಗ್ರೀಕರಲ್ಲಿ ‘ಸೂಲೇ’ ಎಂದರೆ ಪರರ ಸೊತ್ತನ್ನಾಗಲಿ ಪರರನ್ನೇ ಆಗಲಿ ಹಿಡಿದೊಯ್ಯುವ ಹಕ್ಕು. ಒಂದು ನಗರದವನು ಸಾಲ ತೀರಿಸದಿದ್ದರೆ ಅಥವಾ ಅನ್ಯಾಯ ಮಾಡಿದ್ದರೆ, ನೊಂದವನು ಅದೇ ನಗರದ ಬೇರೊಬ್ಬನ ಸರಕನ್ನು ವಶಪಡಿಸಿಕೊಂಡು ಸೇಡು ತೀರಿಸಿಕೊಳ್ಳುವ ಪದ್ಧತಿ ಅಲ್ಲಿತ್ತು. ಈ ಪದದ ಹಿಂದೆ ‘ಅ’ ಎಂಬ ನಿಷೇಧಾರ್ಥಕ ಉಪಸರ್ಗ ಸೇರಿದಾಗ ‘ಅಸೂಲೋನ್’, ಅಂದರೆ ಹಿಡಿದೊಯ್ಯಲು ಅವಕಾಶವಿಲ್ಲದ್ದು, ಎಂಬ ರೂಪ ಬಂದಿತು. ಅದು ಲ್ಯಾಟಿನ್ನಿನ ಮೂಲಕ ಇಂಗ್ಲಿಷಿಗೆ ‘ಅಸೈಲಮ್’ ಆಗಿ ಇಳಿಯಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ನಗರಗಳು ತಮ್ಮ ದೇವಾಲಯಗಳಿಗೆ ಇಂತಹ ಅಭಯವನ್ನು ಮಾನ್ಯಮಾಡಬೇಕೆಂದು ಕೋರಿ ದೂರದ ಅರಸರ ಬಳಿಗೆ ದೂತರನ್ನು ಕಳುಹಿಸುತ್ತಿದ್ದವು. ಕೋಸ್ ದ್ವೀಪದ ವೈದ್ಯದೇವತೆಯ ಆಲಯಕ್ಕೆ ಕ್ರಿಸ್ತಪೂರ್ವ 242ರಲ್ಲಿ ದೊರೆತ ಮಾನ್ಯತೆ ಇದಕ್ಕೆ ಪ್ರಸಿದ್ಧ ನಿದರ್ಶನ. ಹೀಬ್ರೂ ಧರ್ಮಗ್ರಂಥವು ಅರಿಯದೆ ಕೊಲೆಗೈದವನು ಸೇಡಿನಿಂದ ಪಾರಾಗಲೆಂದು ಆರು ಆಶ್ರಯನಗರಗಳನ್ನು ವಿಧಿಸುತ್ತದೆ. ಇವೆಲ್ಲವುಗಳಲ್ಲಿ ಆಶ್ರಯವು ಒಂದು ಗಡಿರೇಖೆ. ಅದರ ಒಳಗೆ ಬಂದವನ ಗುಣಾವಗುಣಗಳನ್ನು ವಿಚಾರಿಸುವ ಮೊದಲು ಹೊರಗಿನ ಬಲಾತ್ಕಾರಕ್ಕೆ ತಡೆ ಬೀಳುತ್ತದೆ.

ಕ್ರಿಸ್ತಪೂರ್ವ ಅದೇ ಮೂರನೆಯ ಶತಮಾನದಲ್ಲಿ, ವಳಕಮದಿನ್ನಿಯ ಸೀಮೆಗೆ ಸೇರಿದ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕೆತ್ತಲಾಯಿತು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಈ ಕಿರುಶಾಸನವು, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿ, ಶಾಸನಗಳ ಒಡೆಯ ಯಾರೆಂಬ ಚರ್ಚೆಗೆ ತೆರೆ ಎಳೆದದ್ದರಿಂದ ಇತಿಹಾಸದಲ್ಲಿ ಹೆಸರಾಗಿದೆ. ಧರ್ಮವಿಚಾರದ ದೃಷ್ಟಿಯಿಂದ ಅದರ ಇನ್ನೊಂದು ಅಂಶ ಹೆಚ್ಚು ಮಹತ್ವದ್ದು: ಅರಸನು ತಾನು ಬುದ್ಧನ ಅನುಯಾಯಿಯಾಗಿ ಸಂಘದ ಸಮೀಪಕ್ಕೆ ಬಂದುದನ್ನು ಅಲ್ಲಿ ಹೇಳಿಕೊಳ್ಳುತ್ತಾನೆ, ಮತ್ತು ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನಿಗೂ ದೊರೆಯತಕ್ಕದ್ದು ಎಂದು ಸಾರುತ್ತಾನೆ. ಇತರರಿಗೆ ಅಭಯ ನೀಡಬೇಕಾದ ಚಕ್ರವರ್ತಿಯೇ ಇನ್ನೊಂದರ ಬಳಿಗೆ ಹೋಗಿ ನಿಲ್ಲುವ ಸಂಗತಿ ಗ್ರೀಕರ ಕಲ್ಪನೆಯಲ್ಲಿ ಸುಲಭವಾಗಿ ಅಡಗುವಂಥದ್ದಲ್ಲ, ಏಕೆಂದರೆ ಅಶೋಕನನ್ನು ಯಾರೂ ಬೆನ್ನಟ್ಟಿರಲಿಲ್ಲ.

ಬೌದ್ಧರ ‘ತ್ರಿಶರಣ’ ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಬುದ್ಧ, ಧರ್ಮ, ಸಂಘ ಎಂಬ ಮೂರನ್ನು ಆಶ್ರಯಿಸುವವನು ಪಾರಾಗಬಯಸುವುದು ರಾಗ, ದ್ವೇಷ, ಮೋಹಗಳೆಂಬ ಒಳಗಿನ ಶತ್ರುಗಳಿಂದ. ಭಯಗೊಂಡ ಮನುಷ್ಯನು ಬೆಟ್ಟ, ಕಾಡು, ಮರ, ಗುಡಿಗಳತ್ತ ಓಡುತ್ತಾನಾದರೂ ಅಂತಹ ಸ್ಥಳಗಳು ಅವನನ್ನು ದುಃಖದಿಂದ ಬಿಡಿಸಲಾರವೆಂಬುದು ಧಮ್ಮಪದದ ನಿಲುವು. ಅಂತ್ಯಕಾಲದಲ್ಲಿ ಬುದ್ಧನು ಶಿಷ್ಯರಿಗೆ ತಾವೇ ತಮಗೆ ಶರಣವಾಗಬೇಕೆಂದು, ಧರ್ಮವನ್ನಲ್ಲದೆ ಬೇರೊಂದನ್ನು ಶರಣವಾಗಿ ನೆಚ್ಚಬಾರದೆಂದು ಬೋಧಿಸಿದನೆಂದು ಪಾಲಿ ಗ್ರಂಥಗಳು ತಿಳಿಸುತ್ತವೆ. ಅಂದರೆ ನಿಜವಾದ ಆಶ್ರಯವು ಆಶ್ರಿತನನ್ನು ಎಂದೆಂದಿಗೂ ಪರಾಧೀನನಾಗಿ ಉಳಿಸಿಕೊಳ್ಳುವುದಿಲ್ಲ. ಅವನು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಿದಾಗ ಮಾತ್ರ ಅದು ತನ್ನ ಕೆಲಸವನ್ನು ಪೂರೈಸುತ್ತದೆ.

ಕನ್ನಡದ ‘ಮರೆ’ಗೆ ಹೊದಿಕೆ, ಅಡ್ಡ, ಕಣ್ಣಿಗೆ ಕಾಣದ ಎಡೆ ಎಂಬ ಅರ್ಥಗಳಿವೆ, ‘ಮರೆಹೊಗು’ ಎಂದರೆ ಒಬ್ಬನ ಅಡ್ಡಕ್ಕೆ ಒಳಹೊಕ್ಕು ರಕ್ಷಣೆ ಪಡೆಯುವುದು. ಇಲ್ಲಿ ಅಡ್ಡವಾಗಿ ನಿಲ್ಲುವುದು ಗಡಿಯಲ್ಲ, ಒಬ್ಬ ಮನುಷ್ಯನ ದೇಹ. ಮರೆಹೊಕ್ಕವನ ಮೇಲೆ ಬರುವ ಪೆಟ್ಟು ಮೊದಲು ಮರೆಯಾದವನಿಗೆ ತಾಗಬೇಕು. ಆದ್ದರಿಂದಲೇ ಕರ್ನಾಟಕದ ಶಾಸನಗಳಲ್ಲಿ ‘ಮರೆವುಗೆ ಕಾವ’ ಎಂಬುದು ವೀರನಿಗೆ ಸಲ್ಲುವ ಬಿರುದಾಯಿತು. ಅದರ ಜೊತೆಗೆ ಬರುವ ಇನ್ನೊಂದು ಬಿರುದು ‘ಶರಣಾಗತ ವಜ್ರಪಂಜರ’, ಅಂದರೆ ಶರಣು ಬಂದವರಿಗೆ ವಜ್ರದ ಪಂಜರದಂತಿರುವವನು. ಪಾರಿವಾಳಕ್ಕಾಗಿ ತನ್ನ ಮಾಂಸವನ್ನೇ ಕೊಯ್ದುಕೊಟ್ಟ ಶಿಬಿಯ ಕಥೆಯ ಹಿಂದಿರುವ ನೀತಿಯೂ ಇದೇ: ಆಶ್ರಯ ನೀಡಿದವನು ಅದರ ಬೆಲೆಯನ್ನು ತಾನು ತೆರಬೇಕೇ ಹೊರತು ಅದನ್ನು ಆಶ್ರಿತನ ಮೇಲೆ ಹೊರಿಸಬಾರದು.

ಆದರೆ ವಜ್ರಪಂಜರ ಎಂಬ ಬಿರುದಿನಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಹೊರಗಿನ ಆಯುಧವನ್ನು ತಡೆಯುವ ಪಂಜರವು ಒಳಗಿರುವವನನ್ನೂ ಹೊರಹೋಗದಂತೆ ಹಿಡಿದಿಡಬಲ್ಲದು. ‘ಅಸೈಲಮ್’ ಪದದ ಮುಂದಿನ ಚರಿತ್ರೆ ಇದನ್ನೇ ತೋರಿಸುತ್ತದೆ. ದಿಕ್ಕಿಲ್ಲದವರಿಗೂ ಮಾನಸಿಕ ಅಸ್ವಸ್ಥರಿಗೂ ನೆರಳು ನೀಡುವ ಸದುದ್ದೇಶದಿಂದ ಹುಟ್ಟಿದ ಸಂಸ್ಥೆಗಳಿಗೆ ಇಂಗ್ಲೆಂಡಿನಲ್ಲಿ ಆ ಹೆಸರು ಬಂದಿತು. ಅವು ಕ್ರಮೇಣ ಬೀಗ ಹಾಕಿದ ಕೋಣೆಗಳಾದ್ದರಿಂದ ಹಿಡಿದೊಯ್ಯಬಾರದು ಎಂಬ ಅರ್ಥದ ಪದವೇ ಹಿಡಿದಿಡುವ ಸ್ಥಳದ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಂತಹ ಸಂಸ್ಥೆಯೊಂದು 1925ರಲ್ಲಿ ಆ ಹೆಸರನ್ನು ಕಳಚಿ ಮಾನಸಿಕ ಆಸ್ಪತ್ರೆಯಾಯಿತು, 1974ರಲ್ಲಿ ನಿಮ್ಹಾನ್ಸ್‌ನಲ್ಲಿ ವಿಲೀನವಾಯಿತು. ರಕ್ಷಣೆಯ ಹೆಸರಿನಲ್ಲಿ ಸ್ವಾತಂತ್ರ್ಯವನ್ನು ಕಸಿಯುವ ಅಪಾಯವು ಆಶ್ರಯದ ಕಲ್ಪನೆಯೊಳಗೇ ಇದೆಯೆಂಬುದನ್ನು ಈ ಹೆಸರಿನ ಪಾಡು ನೆನಪಿಸುತ್ತದೆ.

ಈ ಅಪಾಯಕ್ಕೆ ಕನ್ನಡನಾಡು ಕಂಡುಕೊಂಡ ಗಾಢವಾದ ಉತ್ತರ ‘ಶರಣ’ ಎಂಬ ಪದದಲ್ಲಿದೆ. ಅಮರಕೋಶವು ಶರಣ ಶಬ್ದಕ್ಕೆ ಮನೆ ಮತ್ತು ರಕ್ಷಕ ಎಂಬ ಎರಡು ಅರ್ಥಗಳನ್ನು ಕೊಡುತ್ತದೆ. ಶ್ರೀವೈಷ್ಣವರ ಶರಣಾಗತಿ ತತ್ತ್ವದಲ್ಲಿ ಭಗವಂತನೇ ಆ ರಕ್ಷಕ. ಶತ್ರುವಿನ ತಮ್ಮನಾದ ವಿಭೀಷಣನು ಬಂದಾಗ ಸುಗ್ರೀವನ ಸಂಶಯವನ್ನು ಬದಿಗಿಟ್ಟು ರಾಮನು ಅವನನ್ನು ಸ್ವೀಕರಿಸಿದ ಪ್ರಸಂಗವೇ ಅದಕ್ಕೆ ಆದರ್ಶ. ಆ ತತ್ತ್ವದ ಆಚಾರ್ಯರಾದ ರಾಮಾನುಜರು ಚೋಳ ಅರಸನ ಕಿರುಕುಳದಿಂದ ಪಾರಾಗಿ ಹೊಯ್ಸಳ ನಾಡಿಗೆ ಬಂದು ಮೇಲುಕೋಟೆಯಲ್ಲಿ ನೆಲೆಸಿದರೆಂಬುದು ಸಂಪ್ರದಾಯದ ನಂಬಿಕೆ. ಹನ್ನೆರಡನೆಯ ಶತಮಾನದ ವಚನಕಾರರು ಇದೇ ಪದವನ್ನು ಇನ್ನೂ ಮುಂದಕ್ಕೆ ಒಯ್ದರು. ಅವರಲ್ಲಿ ಶರಣ ಎಂಬುದು ರಕ್ಷಕನ ಹೆಸರಲ್ಲ, ಶರಣಾದವನ ಹೆಸರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ, ಅಂದರೆ ಸಾಧನೆಯ ಆರು ನೆಲೆಗಳಲ್ಲಿ, ಅದು ಐದನೆಯ ಎತ್ತರದ ನೆಲೆ. ಆಶ್ರಯ ಪಡೆದದ್ದು ಕೀಳರಿಮೆಗೆ ಕಾರಣವಾಗದೆ ಗೌರವದ ಹೆಸರಾದದ್ದು ಒಂದು ದೊಡ್ಡ ಪಲ್ಲಟ. ಅದಕ್ಕಿಂತ ಮಿಗಿಲಾಗಿ, ಶರಣರು ಪರಸ್ಪರ ‘ಶರಣು’ ಎಂದು ವಂದಿಸಿದಾಗ ಕೊಡುವವನು ಯಾರು, ಬೇಡುವವನು ಯಾರು ಎಂಬ ಅಂತರವೇ ಅಳಿಯಿತು. ರಾಯಚೂರು ಸೀಮೆಯ ಊರುಗಳಲ್ಲಿ ಎದುರಾದವರು ಇಂದಿಗೂ ‘ಶರಣ್ರೀ’ ಎಂದೇ ಮಾತು ಆರಂಭಿಸುತ್ತಾರೆ. ವಚನಕಾರರ ನೆಲೆಯಾಗಿದ್ದ ಕಲ್ಯಾಣ ಪಟ್ಟಣದಲ್ಲಿ ಎದ್ದ ಕ್ಷೋಭೆಯ ನಂತರ ಚದುರಿದ ಶರಣರಲ್ಲಿ ಚೆನ್ನಬಸವಣ್ಣನವರ ಗುಂಪು ಉಳವಿಯ ಕಾಡನ್ನು ಸೇರಿತೆಂದು ಪರಂಪರೆ ಹೇಳುತ್ತದೆ. ಹೀಗೆ ಒಳಗಿನ ಅರ್ಥದಲ್ಲಿ ಶರಣರಾದವರು ಹೊರಗಿನ ಅರ್ಥದಲ್ಲಿಯೂ ನೆಲೆ ಅರಸಬೇಕಾಯಿತು.

ಹೊರಗಿನ ಈ ಅರ್ಥ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ದೋ-ಆಬ್ ಪ್ರದೇಶಕ್ಕೆ ಚಿರಪರಿಚಿತ. ವಿಜಯನಗರ ಮತ್ತು ಬಹಮನಿ ಅರಸರು, ಅನಂತರ ಬಿಜಾಪುರದ ಸುಲ್ತಾನರು ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ಮತ್ತೆ ಮತ್ತೆ ಕಾದಾಡಿದರು. 1520ರ ರಾಯಚೂರು ಕದನ ಅವುಗಳಲ್ಲಿ ಹೆಸರಾದದ್ದು. ದಂಡು ಬರುತ್ತದೆಂದಾಗ ಊರಿಗೆ ಊರೇ ಎದ್ದು ಹೋಗುವುದಕ್ಕೆ ಕನ್ನಡದಲ್ಲಿ ‘ವಲಸೆ’ ಎಂಬ ಹೆಸರಿತ್ತೆಂಬುದನ್ನು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಗುರುತಿಸಿದ್ದಾನೆ. ಯುದ್ಧಗಳು ನಿಂತ ಮೇಲೆ ಬರಗಾಲ ಆ ಕೆಲಸವನ್ನು ಮುಂದುವರಿಸಿತು. ದುಡಿಮೆ ಅರಸಿ ಕುಟುಂಬಸಮೇತ ದೂರದ ನಗರಗಳಿಗೆ ಹೋಗುವ ‘ಗುಳೆ’ ಇಲ್ಲಿನ ಒಣಬೇಸಾಯದ ಊರುಗಳನ್ನು ಇಂದಿಗೂ ಬಿಟ್ಟಿಲ್ಲ.

ಇದೇ ನೆಲಕ್ಕೆ 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳನ್ನು ಕೇಂದ್ರ ಸರ್ಕಾರವು ಕರೆತಂದು ಸಿಂಧನೂರು ತಾಲ್ಲೂಕಿನಲ್ಲಿ ನೆಲೆಗೊಳಿಸಿತು. ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಪದದ ಸಂಕ್ಷಿಪ್ತ ರೂಪದಿಂದ ಅವರ ಊರುಗಳಿಗೆ ‘ಆರ್‌ಎಚ್ ಕ್ಯಾಂಪ್’ ಎಂಬ ಹೆಸರು ಬಂದು ಹಾಗೆಯೇ ನಿಂತಿದೆ. ನದೀಮುಖಜ ಪ್ರದೇಶದ ನೀರಿನ ನಾಡಿನಿಂದ ಬಂದ ಆ ಜನ, ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಬೇಸಾಯ ಹೂಡಿ, ಕನ್ನಡ ಕಲಿತು, ತಮ್ಮ ದುರ್ಗಾಪೂಜೆಯನ್ನೂ ಉಳಿಸಿಕೊಂಡರು. ಆದರೂ ಅವರಲ್ಲಿ ಹಲವರಿಗೆ ಪೌರತ್ವದ ಪ್ರಶ್ನೆ ದಶಕಗಳ ಕಾಲ ಬಗೆಹರಿಯಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಯಾದ ಮೇಲೆ, ಅದೇ ವರ್ಷದ ಆಗಸ್ಟ್‌ನಲ್ಲಿ ಈ ಕ್ಯಾಂಪುಗಳ ಐವರಿಗೆ ಪೌರತ್ವ ದೊರೆಯಿತು. ಅರ್ಧ ಶತಮಾನ ಉತ್ತು ಬಿತ್ತಿದ ನೆಲದಲ್ಲಿ ಮನುಷ್ಯನೊಬ್ಬನು ಕಾಗದದ ಮೇಲೆ ಪರಕೀಯನಾಗಿಯೇ ಉಳಿಯಬಹುದೆಂಬುದು, ಭೂಮಿ ಕೊಟ್ಟಮಾತ್ರಕ್ಕೆ ಆಶ್ರಯ ಪೂರ್ಣವಾಗುವುದಿಲ್ಲವೆಂಬುದಕ್ಕೆ ಪ್ರಬಲ ಪ್ರಮಾಣ.

ಭಾಷೆಯೂ ಈ ಅಪೂರ್ಣತೆಯನ್ನು ದಾಖಲಿಸಿದೆ. 1685ರಲ್ಲಿ ಫ್ರಾನ್ಸಿನ ದೊರೆ ಪ್ರೊಟೆಸ್ಟೆಂಟರ ಧರ್ಮಸ್ವಾತಂತ್ರ್ಯವನ್ನು ರದ್ದುಮಾಡಿದಾಗ ಓಡಿಬಂದವರಿಗೆ ಇಂಗ್ಲಿಷಿನಲ್ಲಿ ‘ರೆಫ್ಯೂಜಿ’ ಎಂಬ ಹೆಸರು ರೂಢಿಗೆ ಬಂದಿತು. ಅದರ ಅರ್ಥ ಆಶ್ರಯವನ್ನು ಸೇರಿದವನು. ಕನ್ನಡದಲ್ಲಿ ಅದಕ್ಕೆ ಸಲ್ಲುವ ‘ನಿರಾಶ್ರಿತ’ ಎಂಬುದು ಆಶ್ರಯವೇ ಇಲ್ಲದವನನ್ನು ಸೂಚಿಸುತ್ತದೆ. ಬಂದ ದಿನ ಆ ಹೆಸರು ಸತ್ಯವೇ ಇರಬಹುದು. ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೂ, ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿದ ಮೇಲೂ ಅದೇ ಹೆಸರಿನಿಂದ ಕರೆಯುವುದು, ಅವರು ಎಂದೂ ತಲುಪಲಿಲ್ಲವೆಂದು ಮತ್ತೆ ಮತ್ತೆ ಹೇಳಿದಂತಾಗುತ್ತದೆ.

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 14ನೆಯ ವಿಧಿಯು ಹಿಂಸೆಯಿಂದ ಪಾರಾಗಲು ಅನ್ಯದೇಶದ ಆಶ್ರಯವನ್ನು ಅರಸುವ ಮತ್ತು ಅನುಭವಿಸುವ ಹಕ್ಕನ್ನು ಎಲ್ಲರಿಗೂ ಮಾನ್ಯಮಾಡುತ್ತದೆ. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೆ 1996ರಲ್ಲಿ, ನಿರಾಶ್ರಿತರಾಗಿ ಬಂದಿದ್ದ ಚಕ್ಮಾ ಜನರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂವಿಧಾನದ 21ನೆಯ ವಿಧಿ ನೀಡುವ ಜೀವರಕ್ಷಣೆ ಪ್ರಜೆಗಳಲ್ಲದವರಿಗೂ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿತು. ಕಾನೂನು ಹೀಗೆ ಬಲಾತ್ಕಾರದ ಕೈಯನ್ನು ತಡೆಯಬಲ್ಲದು, ಮತ್ತು ಆ ತಡೆ ಅತ್ಯಗತ್ಯ. ರಕ್ಷಕನ ಔದಾರ್ಯ ಬತ್ತಿದ ದಿನವೂ ಹಕ್ಕು ಬತ್ತಬಾರದು. ಆದರೆ ಬಂದವನನ್ನು ಸರಿಸಮಾನನೆಂದು ಎದುರುಗೊಳ್ಳುವ ಮನಸ್ಸನ್ನು ಕಾನೂನು ಹುಟ್ಟಿಸಲಾರದು. ಅದಕ್ಕೆ ಶರಣು ಎಂಬ ಪದದ ಹಿಂದಿರುವ ಧರ್ಮ ಬೇಕಾಗುತ್ತದೆ.

ಆದ್ದರಿಂದ ಈ ಮೂರು ಪದಗಳು ಒಂದನ್ನೊಂದು ತಳ್ಳಿಹಾಕುವುದಿಲ್ಲ, ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಅಸೈಲಮ್ ಎಂಬುದು ಹಿಂಸೆಗೆ ಗಡಿ ಹಾಕುತ್ತದೆ. ಮರೆ ಎಂಬುದು ಆ ಗಡಿಯನ್ನು ಕಾಯಲು ಕಷ್ಟ ಹೊರುವ ಮನುಷ್ಯನನ್ನು ಕೇಳುತ್ತದೆ. ಶರಣು ಎಂಬುದು ಕಾಯುವವನನ್ನೂ ಕಾಯಲ್ಪಟ್ಟವನನ್ನೂ ಒಂದೇ ಮಟ್ಟದಲ್ಲಿ ನಿಲ್ಲಿಸುತ್ತದೆ. ಗಡಿ ಮಾತ್ರ ಇದ್ದರೆ ಅದು ಪಂಜರವಾಗುತ್ತದೆ, ಔದಾರ್ಯ ಮಾತ್ರ ಇದ್ದರೆ ಅದು ಆಶ್ರಿತನಿಂದ ಕೃತಜ್ಞತೆಯ ಕಂದಾಯವನ್ನು ಕೇಳತೊಡಗುತ್ತದೆ. ಒಂದೆಡೆ ಹೊರಗಿನವರಿಗೆ ನೆಲೆ ಕೊಟ್ಟು, ಇನ್ನೊಂದೆಡೆ ತನ್ನವರನ್ನೇ ಗುಳೆಗೆ ಕಳುಹಿಸುವ ಈ ಸೀಮೆಗೆ, ಇಂದು ಆಶ್ರಯ ನೀಡುವವನೇ ನಾಳೆ ಬೇರೊಂದು ಊರಿನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ನಿರಾಶ್ರಿತ ಎಂಬ ಹೆಸರು ಒಬ್ಬ ಮನುಷ್ಯನಿಗೆ ಅನಗತ್ಯವಾಗುವವರೆಗೆ ಅವನಿಗೆ ಆಶ್ರಯ ದೊರೆಯಿತೆಂದು ಯಾವ ರಾಜ್ಯವೂ, ಯಾವ ಧರ್ಮವೂ, ಯಾವ ನೆರೆಹೊರೆಯೂ ಹೇಳಿಕೊಳ್ಳುವಂತಿಲ್ಲ.